ಗೇರ್‌ಬಾಕ್ಸಿನ ಸದ್ದು

ಮೃತ್ಯುಂಜಯನಿಗೆ ಲಕ್ವ ಹೊಡೆದದ್ದು ಎರಡು ಸಾವಿರದ ಎರಡರ ಫೆಬ್ರುವರಿಯಲ್ಲಿ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು. ಪೂರ್ತಿ ಹೋಯಿತು ಅನ್ನುವಂತಿಲ್ಲ, ‘ಬೇಡ’ ಎಂಬುದೊಂದು ಉಳಿದುಕೊಂಡಿತ್ತು. ನೀರು ಬೇಕಾದಾಗಲೂ ಬೇಡ, ನಿದ್ದೆ ಬಂದಾಗಲೂ ಬೇಡ. ತಲೆಯೊಳಗೆ ಮಾತೆಲ್ಲ ಸರಿಯಾಗಿಯೇ ಜೋಡಣೆಯಾಗುತ್ತಿತ್ತು. ನಾಲಗೆಗೆ ಬರುವಷ್ಟರಲ್ಲಿ ಅದೊಂದೇ ಆಗಿಬಿಡುತ್ತಿತ್ತು.

ಅದಕ್ಕೆ ಮೊದಲು ಅವನು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಸಿದ್ಧಾರ್ಥನಗರದ ಮನೆ ಮುಂದೆ ನಿಲ್ಲುತ್ತಿದ್ದ ಬಿಳಿ ಕಾರನ್ನು ತೊಂಬತ್ತೊಂದರಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡು ತಂದವನು ಅವನೇ. ಅಂದಿನಿಂದ ಅದರ ಗೇರ್‌ಬಾಕ್ಸನ್ನು ಬೇರೆಯವರಿಗೆ ಮುಟ್ಟಲು ಕೊಟ್ಟವನಲ್ಲ. ವರ್ಷಕ್ಕೊಮ್ಮೆ ಕಾರಿನಡಿ ಗೋಣಿಚೀಲ ಹಾಸಿ ಮಲಗುತ್ತಿದ್ದ. ಹಳೇ ಆಯಿಲ್ ಇಳಿಸಿ, ಅದರಲ್ಲಿ ಕಬ್ಬಿಣದ ಪುಡಿ ತಾಕುತ್ತದೆಯೇ ಎಂದು ಬೆರಳುಗಳ ನಡುವೆ ಉಜ್ಜಿ ನೋಡಿ, ಹೊಸದು ತುಂಬುತ್ತಿದ್ದ. ಆಯಿಲ್ ಸೋರದಂತೆ ತಡೆಯುವ ಸೀಲನ್ನು ಎರಡು ಸಲ ತಾನೇ ಬದಲಿಸಿದ್ದ. ಹೆಂಡತಿ ಗಿರಿಜಾಂಬಾ ಊಟಕ್ಕೆ ಕರೆದೂ ಕರೆದೂ ಸಾಕಾಗಿ ತಟ್ಟೆ ಮುಚ್ಚಿಟ್ಟು ಒಳಗೆ ಹೋಗುತ್ತಿದ್ದಳು.

ಈಗ ಕಾರು ಓಡಿಸುತ್ತಿದ್ದವಳು ಮಗಳು ಶಿಲ್ಪಶ್ರೀ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ವಾರಕ್ಕೆ ಮೂರು ದಿನ ಸ್ಕೂಲು ಬಿಟ್ಟ ಕೂಡಲೇ ಮನೆಗೆ ಬಂದು, ಅಪ್ಪನನ್ನು ತಬ್ಬಿ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದಳು.

ಜೂನ್ ತಿಂಗಳ ಒಂದು ಸಂಜೆ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನಿಗೆ ಆ ಸದ್ದು ಕೇಳಿಸಿತು. ಕಾಳಿಲ್ಲದೆ ಬೀಸುಕಲ್ಲು ತಿರುಗಿಸಿದ ಹಾಗೆ, ಸಣ್ಣಗೆ. ಮಗಳು ಕ್ಲಚ್ ತುಳಿದಳು, ಸದ್ದು ನಿಂತಿತು. ಬಿಟ್ಟಳು, ಮತ್ತೆ ಶುರುವಾಯಿತು. ಅವನಿಗೆ ಅಷ್ಟು ಸಾಕಿತ್ತು. ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಒಣಗುತ್ತಿದೆ. ಸೀಲು ಹೋಗಿ ಆಯಿಲ್ ಸೋರಿದೆ. ಇವತ್ತೇ ಯಾರಿಗಾದರೂ ತೋರಿಸಿದರೆ ಉಳಿಯುತ್ತದೆ.

“ಬೇಡ,” ಎಂದ.

ಅಪ್ಪನಿಗೆ ಫಿಸಿಯೋಥೆರಪಿ ನೋವೆಂದು ಶಿಲ್ಪಶ್ರೀ ತಿಳಿದಳು. ಇನ್ನೇನು ಐದು ನಿಮಿಷ, ಇವತ್ತು ಜಾಸ್ತಿ ನೋಯಿಸಬೇಡಿ ಅಂತ ಹೇಳುತ್ತೇನೆ ಎಂದು ಸಮಾಧಾನ ಮಾಡಿದಳು.

ಆಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ಅದೇ ಆಯಿತು. ಮನೆಯ ಮುಂದೆ ಕಾರು ನಿಲ್ಲುವ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ ಕಾಣಿಸಿಕೊಂಡಿತು. ಅವನು ಎಡಗೈ ಚಾಚಿ ಅದನ್ನು ತೋರಿಸಿದ. ಗಿರಿಜಾಂಬಾ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದು, ಗಂಡನಿಗೆ ಸಮಾಧಾನವಾಗಲೆಂದು ಅಲ್ಲೊಂದು ಎಳೆ ರಂಗೋಲಿ ಎಳೆದಳು. ಇನ್ನೊಂದು ದಿನ ಅವನು ಸ್ಲೇಟಿನ ಮೇಲೆ ಎಡಗೈಯಲ್ಲಿ ಒಂದು ಚಕ್ರ ಬರೆದು ಸುತ್ತಲೂ ಕಷ್ಟಪಟ್ಟು ಹಲ್ಲು ಮೂಡಿಸಿದ. ಗಿರಿಜಾಂಬಾ ಅದನ್ನು ಎದುರುಮನೆಯ ಇಂದ್ರಮ್ಮನಿಗೂ ತೋರಿಸಿ, ನೋಡಿ, ಸೂರ್ಯನ ಚಿತ್ರ ಬರೆಯುವಷ್ಟು ಸುಧಾರಿಸಿದ್ದಾರೆ ಎಂದು ಕಣ್ಣೊರೆಸಿಕೊಂಡಳು. ಅವಳ ಸಂತೋಷ ನೋಡಿ ಅವನು ಸ್ಲೇಟು ಕೆಳಗಿಟ್ಟ.

ಉಳಿದದ್ದು ಒಂದೇ ದಾರಿ. ಅವನ ನಿಸ್ಸತ್ವ ಬಲಗೈ ಗೇರ್ ಲಿವರಿನ ಪಕ್ಕದಲ್ಲೇ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಗೇರ್ ಅದುರುವುದನ್ನು ಮಗಳ ಕೈಗೇ ಮುಟ್ಟಿಸಿ ತೋರಿಸಬೇಕೆಂದು ಅವನು ಎಡಗೈಯನ್ನು ಅಡ್ಡ ತಂದು ಲಿವರನ್ನೂ ಅದರ ಮೇಲಿದ್ದ ಅವಳ ಕೈಯನ್ನೂ ಸೇರಿಸಿ ಅದುಮಿ ಹಿಡಿದ. ಕಾರು ಜಗ್ಗಿ ಎಡಕ್ಕೆ ವಾಲಿತು, ಆಟೋದವನೊಬ್ಬ ಕೂದಲೆಳೆಯಲ್ಲಿ ತಪ್ಪಿಸಿಕೊಂಡ. ಶಿಲ್ಪಶ್ರೀ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಬೈಯಲಿಲ್ಲ. ಮರುದಿನದಿಂದ ಅವನನ್ನು ಹಿಂದಿನ ಸೀಟಿನಲ್ಲಿ, ಅಮ್ಮನ ಪಕ್ಕ ಕೂರಿಸಿದಳು. ಕಾರಿನಲ್ಲಿ ಚಡಪಡಿಸುತ್ತಾರೆ ಎಂದು ಕೇಳಿ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಯ ಮಂಪರಿನಲ್ಲಿ ತಲೆ ತೂಗುತ್ತಿದ್ದರೂ ಸದ್ದು ದಿನದಿನಕ್ಕೆ ಒರಟಾಗುತ್ತಿದ್ದದ್ದು ಅವನಿಗೆ ತಿಳಿಯುತ್ತಿತ್ತು.

ಆಗಸ್ಟಿನಲ್ಲಿ ಬನ್ನಿಮಂಟಪದ ಹತ್ತಿರ ಕಾರಿನ ಹೊಟ್ಟೆಯೊಳಗೆ ಏನೋ ಮುರಿದ ಸದ್ದಾಯಿತು. ಲಿವರ್ ಮೂರನೇ ಗೇರಿನಲ್ಲೇ ಕಚ್ಚಿಕೊಂಡಿತು, ಕಾರು ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಸಮೀಪದಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಲಿಂಗಯ್ಯ ಎಂಬ ಮೆಕ್ಯಾನಿಕ್ಕು ಇಬ್ಬರನ್ನು ಕರೆತಂದು ಹೇಗೋ ಕಾರನ್ನು ಒಳಗೆ ತಳ್ಳಿಸಿದ. ಮೃತ್ಯುಂಜಯನಿಗೆ ಒಂದು ಕಬ್ಬಿಣದ ಕುರ್ಚಿ ಹಾಕಿಕೊಟ್ಟ, ಗಿರಿಜಾಂಬಾ ಅವನ ಬೆನ್ನ ಹಿಂದೆ ನಿಂತಳು.

ಕಣ್ಣೆದುರಿಗೇ ಗೇರ್‌ಬಾಕ್ಸ್ ಇಳಿಯಿತು. ಆಯಿಲ್ ಇಳಿಸಲು ಇಟ್ಟ ಬಾಂಡ್ಲಿಗೆ ಬಿದ್ದದ್ದು ಒಂದು ಲೋಟದಷ್ಟೂ ಇರಲಿಲ್ಲ. ಅದೂ ಕಾಡಿಗೆಯಷ್ಟು ಕಪ್ಪು, ಒಳಗೆಲ್ಲ ಉಕ್ಕಿನ ಪುಡಿ ಮಿನುಗುತ್ತಿತ್ತು. ಲಿಂಗಯ್ಯ ಹಲ್ಲು ಉದುರಿದ ಗೇರ್ ಚಕ್ರವೊಂದನ್ನು ಎತ್ತಿ ಹಿಡಿದ.

“ಆಯಿಲ್ಲೇ ಇಲ್ದಂಗೆ ಓಡ್ಸಿದ್ದೀರಲ್ಲವ್ವ. ಎರಡು ತಿಂಗ್ಳಿಂದ ಬಡ್ಕೊಂಡಿರ್ತದೆ ಇದು. ಯಾರ್ಗೂ ಕೇಳಿಸ್ಲಿಲ್ವಾ?”

ಶಿಲ್ಪಶ್ರೀ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. ಸಿಗ್ನಲ್ಲು, ನೆಲದ ಕಲೆ, ಹಲ್ಲಿನ ಸೂರ್ಯ, ಗೇರಿನ ಮೇಲೆ ಅಮುಕಿದ ಕೈ, ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದದ್ದು ಅವನಿಗೆ ಕಾಣಿಸಿತು. ಅವಳು ಬಂದು ಅವನ ಕಾಲ ಬಳಿ, ಗ್ರೀಸಿನ ನೆಲದಲ್ಲೇ ಕೂತಳು.

“ನೀವು ಹೇಳ್ತಾನೇ ಇದ್ರಿ, ಅಲ್ವಾ ಅಪ್ಪಾಜಿ?”

ಅಳತೊಡಗಿದ ಅವಳ ಭುಜವನ್ನು ಅವನು ಎಡಗೈಯಿಂದ ತಟ್ಟಿದ. ಅಳಬೇಡ ಎನ್ನಬೇಕಾಗಿತ್ತು, ಆ ಒಂದು ಸಲ ಬಾಯಿಗೆ ಬಂದ ‘ಬೇಡ’ ಸರಿಯಾಗಿಯೇ ಇತ್ತು.

ಆ ಮಾದರಿಯ ಹೊಸ ಗೇರುಗಳು ಸಿಗುತ್ತಿರಲಿಲ್ಲ. ಲಿಂಗಯ್ಯ ಗುಜರಿ ಕಾರೊಂದರ ಗೇರ್‌ಬಾಕ್ಸ್ ಹುಡುಕಿ ತಂದು, ಬೇರಿಂಗು, ಸೀಲು ಬದಲಿಸಿ ಹತ್ತು ದಿನದಲ್ಲಿ ಕೂರಿಸಿದ. ಕಾರು ತರಲು ಶಿಲ್ಪಶ್ರೀ ಅಪ್ಪನನ್ನೂ ಆಟೋದಲ್ಲಿ ಕರೆದೊಯ್ದಳು. ಅವನನ್ನು ಮತ್ತೆ ಮುಂದಿನ ಸೀಟಿನಲ್ಲೇ ಕೂರಿಸಿ, ಗೇರ್ ಬದಲಿಸಿದಾಗಲೆಲ್ಲ ಅವನ ಮುಖ ನೋಡುತ್ತಾ ಓಡಿಸಿದಳು. ಎರಡನೇ ಗೇರಿನಲ್ಲಿ ಸಣ್ಣಗೆ ಕೊರೆಯುವ ಸದ್ದಿತ್ತು. ಹಳೇ ಹಲ್ಲು, ಅಷ್ಟಿರುವುದೇ. ಆಯಿಲ್ ನೋಡಿಕೊಂಡರೆ ಇನ್ನೂ ಒಂದು ವರ್ಷಕ್ಕೆ ಮೋಸವಿಲ್ಲ ಎಂದು ಅವನು ಲೆಕ್ಕ ಹಾಕಿದ.

ಮನೆ ಮುಂದೆ ಎಂಜಿನ್ ಆಫ್ ಮಾಡಿ ಅವಳು ಕೇಳಿದಳು, “ಎಷ್ಟು ದಿನ ಬರುತ್ತೆ ಅಪ್ಪಾಜಿ? ಈ ಸಲ ನೀವು ಹೇಳ್ದಂಗೇ ಮಾಡ್ತೀನಿ.”

ಅವನು ಒಂದು ಬೆರಳು ಎತ್ತಿದ.

“ಒಂದು ತಿಂಗಳಾ?”

ಅಲ್ಲವೆಂದು ತಲೆ ಆಡಿಸಿದ. ಆದರೆ ಕಾಯಿಲೆಯಾದ ಮೇಲೆ ಹೌದಿಗೂ ಇಲ್ಲಕ್ಕೂ ಅವನ ತಲೆ ಒಂದೇ ಥರ ಅಲ್ಲಾಡುತ್ತಿತ್ತು. ಶಿಲ್ಪಶ್ರೀ ಅವನ ಬೆರಳನ್ನು ಹಿಡಿದು, ಗೊತ್ತಾಯಿತು ಎಂದಳು. ಅವನು ಬೇಡ ಬೇಡ ಎಂದ. ಕಾರಿನ ಮೇಲಿನ ಆಸೆಯಿಂದ ಹಾಗೆನ್ನುತ್ತಾರೆ ಎಂದುಕೊಂಡ ಅವಳು, ಆ ಒಂದು ತಿಂಗಳು ಮುಗಿಯುವುದರೊಳಗೆ ಕಾರು ಮಾರಿಬಿಡೋಣ ಎಂದು ಅಮ್ಮನಿಗೆ ಹೇಳಿದಳು.

ಮೂರು ವಾರದಲ್ಲಿ ರಾಜೀವನಗರದ ಒಬ್ಬರು ಬಂದು ಕಾರು ಕೊಂಡರು. ಅಪ್ಪನಿಗೆ ಇನ್ನು ಆಟೋವೇ ಕ್ಷೇಮ ಎಂದು ತಾಯಿ ಮಗಳು ಮಾತಾಡಿಕೊಂಡಿದ್ದರು. ಮೃತ್ಯುಂಜಯ ಜಗಲಿಯ ಕುರ್ಚಿಯಲ್ಲಿ ಕೂತು ನೋಡಿದ. ಕೊಂಡವನು ತಿರುವಿನವರೆಗೆ ಎರಡನೇ ಗೇರಿನಲ್ಲೇ ಹೋಗಿ ಅಲ್ಲಿ ಮೂರನೆಯದಕ್ಕೆ ಬದಲಿಸಿದ. ಗೇರು ಸಲೀಸಾಗಿ ಬಿತ್ತು. ಕಾರು ಕಣ್ಮರೆಯಾದ ಮೇಲೂ ಒಂದಿಷ್ಟು ಹೊತ್ತು ಅದರ ಸದ್ದು ಕೇಳಿಸುತ್ತಿತ್ತು.