ಹನುಮಪ್ಪನವರ ಗುಣ

“ಇದನ್ನೂ ನೀನ ತುಂಬಿಬಿಡು ಮೈಲಾರೆಪ್ಪಾ. ನನ್ನ ಗುಣ ನನಗಿಂತ ನಿನಗ ಛಲೋ ಗೊತ್ತೈತಿ,” ಎಂದು ಹನುಮಪ್ಪನವರು ನಾಲ್ಕು ಪುಟದ ಅಚ್ಚಿನ ಹಾಳೆಯನ್ನು ಮೇಜಿನ ಮೇಲಿಂದ ಜಾರಿಸಿದರು. ಅದು ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದನ್ನು ಎತ್ತುವ ಪೈಕಿ ಅಲ್ಲ ಅವರು. ಮೈಲಾರೆಪ್ಪ ಬಗ್ಗಿ ಎತ್ತಿಕೊಂಡ.

ರಾಣೇಬೆನ್ನೂರಿನ ಆ ಬೀಜದ ಕಂಪನಿಗೆ ಹನುಮಪ್ಪನವರು ಮ್ಯಾನೇಜರು. ಮೈಲಾರೆಪ್ಪ ಹನ್ನೊಂದು ವರ್ಷದಿಂದ ಅವರ ಕೈಕೆಳಗಿನ ಗುಮಾಸ್ತ. ಆ ವರ್ಷ ಹಾವೇರಿ ಹೊಸದಾಗಿ ಜಿಲ್ಲೆಯಾಗಿತ್ತು. ಕಂಪನಿ ಅಲ್ಲೊಂದು ದೊಡ್ಡ ಆಫೀಸು ತೆರೆಯುವುದಿತ್ತು, ಅದಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ಇದ್ದವರಲ್ಲೇ ಆರಿಸಲೆಂದು ಬೆಂಗಳೂರಿನಿಂದ ಒಬ್ಬ ಸಾಹೇಬ ‘ವ್ಯಕ್ತಿತ್ವ ಪರೀಕ್ಷೆ’ಯ ಕಟ್ಟು ಹಿಡಿದು ಬಂದಿದ್ದ. ಗುಮಾಸ್ತನಿರಲಿ, ಮ್ಯಾನೇಜರನಿರಲಿ, ಆಸೆಯಿದ್ದವರು ಯಾರಾದರೂ ತುಂಬಬಹುದು. “ಇದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ನೀವು ಹೇಗಿದ್ದೀರೋ ಹಾಗೆ ಬರೀರಿ. ನಾಳೆ ಬೆಳಿಗ್ಗೆ ಬಂದು ತಗೋತೀನಿ,” ಎಂದು ಹೇಳಿ ಅವನು ಲಾಡ್ಜಿಗೆ ಹೋಗಿದ್ದ.

ಮೈಲಾರೆಪ್ಪ ಎರಡು ಹಾಳೆಗಳನ್ನು ಹಿಡಿದು ಹಿಂದಿನ ಗೋದಾಮಿಗೆ ಬಂದ. ಒಂದು ಅವನದು, ಒಂದು ಹನುಮಪ್ಪನವರದು. ಅಲ್ಲಿ ಮುದುಕ ಯೂಸುಫಸಾಬ ಒದ್ದೆ ಬಟ್ಟೆ ಹಾಸಿಕೊಂಡು ಬೆಂಡೆಬೀಜ ಎಣಿಸಿ ಇಡುತ್ತಿದ್ದ. ನೂರು ಬೀಜ ಇಟ್ಟು ಸುತ್ತಿ, ಎಂಟು ದಿನ ಬಿಟ್ಟು ಬಿಚ್ಚಿ, ಮೊಳಕೆ ಒಡೆದವೆಷ್ಟು ಎಂದು ನೋಡುವುದು ಅವನ ಕೆಲಸ.

“ಬೀಜದ ಹಣೇಬರಾ ನೋಡಾಕ ನಮಗ ಎಂಟು ದಿನ ಬೇಕು,” ಎಂದ ಯೂಸುಫಸಾಬ, ಹಾಳೆಗಳ ಕಡೆ ಗದ್ದ ತೋರಿಸಿ. “ಮನಶ್ಯಾಂದು ಒಂದ ರಾತ್ರ್ಯಾಗ ಗೊತ್ತಾಕ್ಕೈತೇನ್ರಿ ಅವಗ?”

ಮೈಲಾರೆಪ್ಪ ಚೀಲದ ಮೇಲೆ ಕುಳಿತು ಹನುಮಪ್ಪನವರ ಹಾಳೆಯನ್ನೇ ಮೊದಲು ತೊಡೆಯ ಮೇಲೆ ಹಾಸಿಕೊಂಡ. ಹಾವೇರಿಯ ಆ ಜಾಗದ ಮೇಲೆ ಅವನಿಗೂ ಕಣ್ಣಿತ್ತು. ಮೆಣಸಿನಬೀಜ ಯಾವುದು, ಬದನೆಬೀಜ ಯಾವುದು ಎಂದು ಬೆರಳು ಹಚ್ಚಿ ತೋರಿಸಿದರೂ ತಿಳಿಯದ ಮನುಷ್ಯ, ಟವೆಲ್ ಹೊದಿಸಿದ ತಿರುಗು ಕುರ್ಚಿಯ ಮೇಲೆ ಕುಳಿತು ಹನ್ನೊಂದು ವರ್ಷ ಎಲೆಯಡಿಕೆ ಜಗಿದಿದ್ದಷ್ಟೇ. ಕೆಲಸ ಮಾಡಿದವನು ತಾನು. ಇವತ್ತು ಆ ಮನುಷ್ಯನ ಗುಣವನ್ನೆಲ್ಲ ಬರೆಯುವ ಅಧಿಕಾರ ತಾನಾಗಿಯೇ ಕೈಗೆ ಬಂದಿದೆ. ಸುಳ್ಳು ಬರೆಯುವ ಗರಜೇ ಇಲ್ಲ. ಇದ್ದದ್ದನ್ನು ಇದ್ದಹಾಗೆ ಬರೆದರೆ ಸಾಕು, ಮುಗಿಯಿತು ಅವರ ಕಥೆ.

‘ನಿಮ್ಮ ಕೈಕೆಳಗಿನವರು ತಪ್ಪು ಮಾಡಿದರೆ ಏನು ಮಾಡುತ್ತೀರಿ?’ ಎಂದಿತ್ತು. ಹೋದ ವರ್ಷ ಬ್ಯಾಡಗಿ ಕಡೆಯ ಹೊಲದಲ್ಲಿ ಮೆಣಸಿನಬೀಜ ಹುಟ್ಟದೆ ಹೋದಾಗ, ಹನುಮಪ್ಪನವರು ರೈತರ ಮುಂದೆ ಈ ಯೂಸುಫಸಾಬನನ್ನು ನಿಲ್ಲಿಸಿ ಬೈದದ್ದು ನೆನಪಾಯಿತು. ಮೊಳಕೆ ನೋಡುವ ಮೊದಲೇ ಆ ಚೀಲ ಕಳಿಸಿದವರು ಅವರೇ. ‘ನಾಲ್ಕು ಮಂದಿಯ ಎದುರು ಬೈಯುತ್ತೇನೆ’ ಎಂದು ಬರೆದ. ‘ತಪ್ಪು ನಿಮ್ಮದೇ ಆಗಿದ್ದರೆ?’ ‘ನನ್ನದು ಆಗುವುದಿಲ್ಲ.’ ‘ಇತರರ ಸಲಹೆ ಕೇಳುತ್ತೀರಾ?’ ‘ಕೇಳುತ್ತೇನೆ. ಚೆನ್ನಾಗಿದ್ದರೆ ಮೇಲಿನವರಿಗೆ ನನ್ನದೆಂದು ಹೇಳುತ್ತೇನೆ.’ ‘ಕೆಲಸದ ಒತ್ತಡ ಹೆಚ್ಚಾದಾಗ?’ ‘ಗುಮಾಸ್ತನಿಗೆ ಕೊಟ್ಟು ಮನೆಗೆ ಹೋಗುತ್ತೇನೆ.’ ‘ಐದು ವರ್ಷದ ನಂತರ ಎಲ್ಲಿರಲು ಬಯಸುತ್ತೀರಿ?’ ‘ಇದಕ್ಕಿಂತ ದೊಡ್ಡ ಕುರ್ಚಿಯಲ್ಲಿ.’

ಅರವತ್ತು ಪ್ರಶ್ನೆ. ತಂದಿಟ್ಟ ಚಹಾ ಆರುವುದರೊಳಗೆ ಮುಗಿದವು. ಪೆನ್ನು ಒಮ್ಮೆಯೂ ತಡೆಯಲಿಲ್ಲ. ಮೈಲಾರೆಪ್ಪ ಕಣ್ಣು ಮುಚ್ಚಿ, ತಾನು ಶನಿವಾರ ಶನಿವಾರ ಹೋಗುವ ಕದರಮಂಡಲಗಿಯ ಹನುಮಂತದೇವರನ್ನು ನೆನೆದ. ‘ಒಂದಕ್ಷರ ಸುಳ್ಳು ಬರದಿಲ್ಲ ತಂದೆ, ನೀನ ಸಾಕ್ಷಿ. ಹಾವೇರಿ ಕುರ್ಚಿ ನನಗ ಆತಂದ್ರ ಐದು ಕಾಯಿ ಒಡಸ್ತೀನಿ.’

ಆಮೇಲೆ ತನ್ನ ಹಾಳೆ ತೆಗೆದ. ಅವೇ ಪ್ರಶ್ನೆಗಳು.

‘ಯಾವ ಕೆಲಸ ಮಾಡುವಾಗ ನಿಮಗೆ ಹೆಚ್ಚು ಸಂತೋಷವಾಗುತ್ತದೆ?’ ಒಂದೇ ಒಂದು ನೆನಪಾಯಿತು. ಸಂಜೆ ಮನೆಯಲ್ಲಿ ಹೆಂಡತಿ ದೇವವ್ವನ ಮುಂದೆ ಹನುಮಪ್ಪನವರ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದು ತೋರಿಸುವುದು, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುವುದು. ಅದನ್ನು ಬರೆಯಲಾದೀತೇ? ‘ಸಿಟ್ಟು ಬಂದಾಗ ಏನು ಮಾಡುತ್ತೀರಿ?’ ಏನು ಮಾಡುತ್ತೇನೆ ಎಂದು ಮೈಲಾರೆಪ್ಪ ಗೋದಾಮಿನ ತಗಡಿನ ಮಾಡು ನೋಡಿದ. ತನಗೆ ಸಿಟ್ಟು ಬಂದ ದಿನಗಳಲ್ಲೆಲ್ಲ ಎದುರಿಗೆ ಹನುಮಪ್ಪನವರ ಮುಖವೇ ಕಂಡಿತು, ತನ್ನದು ಕಾಣಲಿಲ್ಲ. ಪ್ರತಿ ಪ್ರಶ್ನೆಯ ಕೊನೆಗಿದ್ದ ‘ಗೊತ್ತಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದ. ಮುಂದಿನದಕ್ಕೂ ಅಲ್ಲಿಯೇ ಹಾಕಿದ. ಐದು ವರ್ಷದ ಪ್ರಶ್ನೆಗೆ ಬಂದಾಗ ‘ಹನುಮಪ್ಪನವರ ಕುರ್ಚಿಯಲ್ಲಿ’ ಎಂದು ಕೈ ತಾನೇ ಬರೆದುಬಿಟ್ಟಿತು. ನಾಚಿಕೆಯಾಗಿ ಹೊಡೆದುಹಾಕಿದ. ಬೇರೆ ಏನು ಬರೆಯಬೇಕೆಂದು ಹೊಳೆಯಲೇ ಇಲ್ಲ.

“ಯೂಸುಫಸಾಬ, ನಾ ಎಂಥಾ ಮನಶ್ಯಾ ಅದೇನಿ?”

“ತಡೀರಿ… ಅರವತ್ತೇಳು, ಅರವತ್ತೆಂಟು…” ಮುದುಕ ಎಪ್ಪತ್ತರ ತನಕ ಇಟ್ಟು ತಲೆ ಎತ್ತಿದ. “ನೀವೇನ್ರಿ? ನಮ್ಮ ಹನುಮಪ್ಪ ಸಾಹೇಬ್ರ ಸುದ್ದಿ ಭಾಳ ಛಲೋ ಹೇಳ್ತೀರಿ.”

“ಅದಲ್ಲೋ. ನಾನು, ನಾನು ಎಂಥಾವ?”

“ಅದನ್ನ ಹೇಳಿದ್ನೆಲ್ರಿ ಮತ್ತ,” ಎಂದು ಅವನು ಎಪ್ಪತ್ತೊಂದನೆಯ ಬೀಜ ಇಟ್ಟ.

ಹದಿನೈದು ದಿನದ ಮೇಲೆ ಬೆಂಗಳೂರಿನಿಂದ ಲಕೋಟೆ ಬಂತು. ಹನುಮಪ್ಪನವರು ಮೂಗಿನ ಮೇಲೆ ಚಾಳೀಸು ಏರಿಸಿ, ಆಫೀಸಿನವರೆಲ್ಲ ಕೇಳುವ ಹಾಗೆ ಓದಿದರು: “‘ದೃಢ ನಿರ್ಧಾರದ ವ್ಯಕ್ತಿ. ಶಿಸ್ತಿನ ವಿಷಯದಲ್ಲಿ ಸಂಕೋಚವಿಲ್ಲ. ಕೆಲಸ ಹಂಚುವ ಕಲೆ ಬಲ್ಲರು. ಆತ್ಮವಿಶ್ವಾಸ ಅಪಾರ. ತಮ್ಮ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಬರೆದವರನ್ನು ನಾವು ಕಂಡಿಲ್ಲ. ಹಾವೇರಿಯ ಮುಖ್ಯಸ್ಥರ ಹುದ್ದೆಗೆ ಇವರೇ ಯೋಗ್ಯರು.’” ಹಾಳೆ ಮಡಚಿ ಮೈಲಾರೆಪ್ಪನ ಕಡೆ ನೋಡಿದರು. “ನೋಡಿದ್ಯಾ? ಹನ್ನೊಂದು ವರ್ಷ ಸಂಗಾಟ ಇದ್ದೀ. ಇದರಾಗ ಒಂದರ ಗೊತ್ತಿತ್ತೇನು ನಿನಗ?”

ಮೈಲಾರೆಪ್ಪ ಅವರ ಮುಖವನ್ನೇ ನೋಡಿದ. ನಾಟಕ ಇರಲಿಲ್ಲ ಅಲ್ಲಿ. ಬರೆದವರು ಯಾರು ಎಂಬುದನ್ನು ಅವರು ಖರೇನೇ ಮರೆತಿದ್ದರು.

ಅವನ ಹೆಸರಿಗೆ ಬಂದ ಹಾಳೆಯಲ್ಲಿ ಎರಡೇ ಸಾಲಿತ್ತು. ‘ಸ್ವಂತ ಅಭಿಪ್ರಾಯ ಕಡಿಮೆ. ಬಲವಾದ ಮೇಲಧಿಕಾರಿಯೊಬ್ಬರ ಕೈಕೆಳಗೆ ಚೆನ್ನಾಗಿ ಕೆಲಸ ಮಾಡಬಲ್ಲರು.’ ಬೆಂಗಳೂರಿನ ಆ ಸಾಹೇಬನ ಬುದ್ಧಿಗೆ ಬೆಂಕಿ ಬೀಳಲಿ ಎಂದುಕೊಂಡ. ಮೆಣಸು ಬದನೆ ತಿಳಿಯದವರನ್ನು ಆರಿಸುವವನು ಇನ್ನೆಂಥವನಿದ್ದಾನು. ಹೋಗಲಿ, ಇವರು ಹಾವೇರಿಗೆ ಹೋದರೆ ಈ ಮುಖ ನೋಡುವುದಾದರೂ ತಪ್ಪಿತು.

“ನೀನೂ ಹಾವೇರಿಗೆ ಬಾ,” ಎಂದರು ಹನುಮಪ್ಪನವರು. “ನಿನ್ನ ಹಾಳ್ಯಾಗೂ ಅದನ್ನ ಬರದಾರ ನೋಡು. ನನ್ನ ಹೆಸರಿನಾಗ ಒಂದು ಶಿಫಾರಸು ಪತ್ರ ಬರಕೊಂಡು ಬಾ, ಸಹಿ ಹಾಕ್ತೀನಿ.”

ಒಲ್ಲೆ ಎನ್ನಬೇಕೆಂದು ಮೈಲಾರೆಪ್ಪ ಬಾಯಿ ತೆರೆದ. “ಎಷ್ಟು ಪ್ರತಿ ಬೇಕ್ರಿ?” ಎಂದ.

ಹೊಸ ಆಫೀಸಿಗೆ ಹಳೆಯ ಕುರ್ಚಿಯೇ ಬೇಕೆಂದು ಹನುಮಪ್ಪನವರು ಹಟ ಹಿಡಿದರು. ತಮ್ಮ ಬೆನ್ನಿಗೆ ಅದು ಹೊಂದಿದೆಯಂತೆ. ಅವರು ಜೀಪಿನಲ್ಲಿ ಮುಂದೆ ಹೋದರು. ಕುರ್ಚಿಯನ್ನು ಮೈಲಾರೆಪ್ಪನೂ ಯೂಸುಫಸಾಬನೂ ಕೂಡಿ ಟೆಂಪೋದ ಹಿಂದೆ ಏರಿಸಿ ಹಗ್ಗ ಬಿಗಿದರು.

“ಅಲ್ಲೇ ಇರ್ತೀರೇನ್ರಿ, ಏನ ಹೊಳ್ಳಿ ಬರ್ತೀರಿ?” ಎಂದು ಕೇಳಿದ ಮುದುಕ.

“ಗೊತ್ತಿಲ್ಲ,” ಎಂದ ಮೈಲಾರೆಪ್ಪ.

ಡ್ರೈವರನ ಪಕ್ಕದಲ್ಲಿ ಕಾಗದದ ಕಟ್ಟುಗಳು ತುಂಬಿದ್ದವು. ಮೈಲಾರೆಪ್ಪ ಹಿಂದೆಯೇ ನಿಂತ. ಮೋಟೆಬೆನ್ನೂರು ಬರುವಷ್ಟರಲ್ಲಿ ಎದುರಿಗೆ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿದ ಲಾರಿ ದಾಟಿ, ಘಾಟಿಗೆ ಸೀನು ಬಂದು ಕಣ್ಣಲ್ಲಿ ನೀರು ಬಂತು. ಡ್ರೈವರ ಚಹಾಕ್ಕೆಂದು ಗಾಡಿ ನಿಲ್ಲಿಸಿ ಹಿಂದೆ ಬಂದು ನೋಡಿದ.

“ಇಷ್ಟು ದೂರ ನಿಂತ ಬಂದ್ರೇನ್ರಿ? ಕುರ್ಚಿ ಖಾಲಿ ಐತೆಲ್ರಿ, ಕುಂದರ್ರಿ. ಯಾರು ನೋಡ್ತಾರ ಇಲ್ಲಿ?”

ಮೈಲಾರೆಪ್ಪ ರಸ್ತೆಯ ಆಚೆಈಚೆ ನೋಡಿದ. ಕುರ್ಚಿಯ ಮೇಲಿನ ಟವೆಲ್ ತೆಗೆದು ಧೂಳು ಝಾಡಿಸಿದ, ಮೊದಲಿನಂತೆಯೇ ಸುಕ್ಕಿಲ್ಲದ ಹಾಗೆ ಹೊದಿಸಿದ. ಆಮೇಲೆ ಅದರ ಬುಡದಲ್ಲಿ ತಗಡಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಗಾಡಿ ಹೊರಟಾಗ ಅಲುಗದಿರಲೆಂದು ಅದರ ಕಾಲನ್ನು ಹಿಡಿದುಕೊಂಡ.