ಜಾಲಿ ಬುಡದ ಕರಿ ಮಣ್ಣು

೧

ಆವತ್ತು ಬೆಳಿಗ್ಗೆ ನಮ್ಮ ಮಟಕಿ ಊರಿನ ಮೇಲೆ ಮೋಡವಿತ್ತು, ಮಳೆಯಿರಲಿಲ್ಲ. ಆರಿದ್ರಾ ಮುಗಿಯಲು ಇನ್ನೆರಡು ದಿನ. ಪಡುವಣ ಗಾಳಿ ಮೋಡಗಳನ್ನು ಕುರಿಹಿಂಡಿನ ಹಾಗೆ ಹೊಡೆದುಕೊಂಡು ಹೋಗುತ್ತಿತ್ತು. ಒಂದಾದರೂ ನಿಂತು ನಾಲ್ಕು ಹನಿ ಉದುರಿಸಲಿಲ್ಲ.

(ಕಥೆಯನ್ನು ಹವಾಮಾನದಿಂದ ಶುರು ಮಾಡಬಾರದು ಎನ್ನುತ್ತಾರೆ ಬಲ್ಲವರು. ಆದರೆ ನಮ್ಮ ಕಡೆ ಮಾತು ಶುರುವಾಗುವುದೇ ಮಳೆಯಿಂದ. ‘ನಿಮ್ಮಲ್ಲಿ ಆತೇನ್ರಿ?’ ಎಂದು ಕೇಳಿದ ಮೇಲೇ ಹೆಸರು, ಊರು, ಕ್ಷೇಮ. ಓದುಗರೇ, ನಿಮ್ಮಲ್ಲಿ ಆಯಿತೇ?)

ಇನ್ನೊಂದು ಆರಂಭವೂ ಇತ್ತು: ‘ಹೊರದೇಶದಿಂದ ಬಂದ ಬಳ್ಳಾರಿ ಜಾಲಿ ಇಂದು ಆಳಂದದ ಮರಡಿಗಳಿಂದ ಜೇವರ್ಗಿಯ ಹಾದಿಬದಿಯವರೆಗೆ...’ ಬರೆದವನೇ ಹೊಡೆದುಹಾಕಿದೆ. ಆ ಗಿಡ ಮೊದಲೇ ಬೇಕಾದಷ್ಟು ಜಾಗ ತಿಂದಿದೆ. ಕಥೆಯ ಮೊದಲ ಸಾಲನ್ನೂ ಅದಕ್ಕೇ ಯಾಕೆ ಬಿಡಬೇಕು?

೨

ಆ ಬೆಳಿಗ್ಗೆ ಹನುಮಂತ ದೇವರ ಕಟ್ಟೆಯ ಮುಂದೆ ಸಾಬವ್ವ ಒಂದು ಮಾತು ಕೇಳಬೇಕಾಯಿತು. ಆ ಮಾತಿಗೆ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ಊರಿನ ಬಡಗಣಕ್ಕೆ ಗಾಯರಾಣವಿದೆ. ದನ ಮೇಯಿಸಲು ಹಿರಿಯರು ಬಿಟ್ಟ ಊರೊಟ್ಟಿನ ನೆಲ, ಕಲ್ಲುಕಲ್ಲಾದ ಮರಡಿ. ಇಪ್ಪತ್ತು ವರ್ಷದಲ್ಲಿ ಅದನ್ನು ಜಾಲಿ ನುಂಗಿತ್ತು. ಜಾಲಿಯ ನೆರಳಿನಲ್ಲಿ ಹುಲ್ಲಿನ ಒಂದು ಎಸಳೂ ಇರುತ್ತಿರಲಿಲ್ಲ. ಈ ಬೇಸಿಗೆಯಲ್ಲಿ ಊರು ಒಂದಾಯಿತು. ದೊಡ್ಡ ಹಿಡುವಳಿದಾರ ಜಗದೇವಪ್ಪ ಕಮಿಟಿಯ ಮುಂದಾಳು. ಎರಡು ತಿಂಗಳು ಕಡಿದರು, ಬೇರು ಅಗೆದರು. ಅಲ್ಲಿ ಮತ್ತೆ ಕರಡ ಬೆಳೆಸಬೇಕೆಂದು ತೀರ್ಮಾನವಾಯಿತು. ಕರಡ ನಮ್ಮ ನೆಲದ ಹುಲ್ಲು, ದನಗಳ ಬೇಸಿಗೆಯ ಬುತ್ತಿ. ಅದರ ಬೀಜ ಇದ್ದದ್ದು ಒಂದೇ ಮನೆಯಲ್ಲಿ. ಕೂಲಿಗೆ ಹೋಗಿ ಬರುವಾಗ ಬದುಗಳ ಮೇಲಿನ ಕಾಳನ್ನು ಉಡಿ ತುಂಬಿಕೊಂಡು ಬಂದು, ಬೂದಿ ಬೆರೆಸಿ, ಮೂವತ್ತು ವರ್ಷ ಒಡಲ ಮಕ್ಕಳಂತೆ ಕಾದವಳು ಸಾಬವ್ವ. ಅವಳು ನಾಲ್ಕು ಬುಟ್ಟಿ ಕೊಟ್ಟಳು.

ಬಿತ್ತುವ ಮೊದಲು ಊರು ಒಂದು ಕೆಲಸ ಮಾಡಿತು. ಎರಿ ಭೂಮಿಯ ಜನ ನಾವು. ಮಣ್ಣು ಎಷ್ಟು ಕಪ್ಪೋ ಅಷ್ಟು ಸತ್ವ ಎಂದು ತಾಯಿ ಹಾಲಿನ ಜೊತೆಗೇ ಕಲಿತವರು. ಕೆಂಪು ನೆಲದ ಯಾವ ಊರೂ ಮಾಡದ ತಪ್ಪನ್ನು ಅದಕ್ಕೇ ಮಾಡಿದೆವು. ಜಾಲಿಯ ಬುಡದಲ್ಲಿ ಎಲೆ ಉದುರಿ ಕೊಳೆತು ಗೇಣುದ್ದ ಕರಿ ಮಣ್ಣಾಗಿತ್ತು. ಅದನ್ನು ಕಂಡು ಎಲ್ಲರ ಕಣ್ಣೂ ಅರಳಿದವು. ನೆಲವನ್ನು ಮನೆಗೊಂದು ಪಾಲು ಹಂಚಿಕೊಂಡು, ಬುಟ್ಟಿಬುಟ್ಟಿ ಹೊತ್ತು ಇಡೀ ಮರಡಿಗೆ ಹರವಿದರು. ಸಾಬವ್ವನೂ ಹೊತ್ತಳು.

ಆರಿದ್ರಾಕ್ಕೆ ಮುಂಚಿನ ಮಿರಗದ ಮಳೆ ಚೆನ್ನಾಗಿಯೇ ಆಯಿತು. ಗಾಯರಾಣದಲ್ಲಿ ಏನೂ ಹುಟ್ಟಲಿಲ್ಲ.

ಆ ಮೋಡದ ಬೆಳಿಗ್ಗೆ, ಹತ್ತು ಮಂದಿಯ ನಡುವೆ, ಜಗದೇವಪ್ಪ ದನಿ ಏರಿಸದೆ ಹೇಳಿದ: “ಸಾಬವ್ವ, ನಿನ್ನ ಬೀಜ ಸತ್ತಾವ. ಪ್ಯಾಟಿಲಿಂದ ಬ್ಯಾರೆ ತರಿಸೀವಿ. ಇನ್ನ ನೀ ಆ ಕೆಲಸ ಬಿಡು.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೂವತ್ತು ವರ್ಷದಿಂದ ಯಾರ ಬದುವಿನಲ್ಲಿ ಹುಲ್ಲು ನಗುತ್ತಿದ್ದರೂ ಜನ ‘ಸಾಬವ್ವನ ಕೈ’ ಎನ್ನುತ್ತಿದ್ದರು. ಬೀಜ ಸತ್ತಿದ್ದರೆ ಆ ಕೈಯೂ ಸತ್ತಂತೆ.

೩

ಮೊದಲ ಡ್ರಾಫ್ಟ್. ಸಾಬವ್ವನ ಮಗಳು ಸಂಘಮಿತ್ರಾ ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಸುದ್ದಿ ಕೇಳಿ ಶನಿವಾರದ ಬಸ್ಸು ಹತ್ತುತ್ತಾಳೆ. ಕನ್ನಡಕ ಸರಿಮಾಡಿಕೊಂಡು ಕಟ್ಟೆಯ ಮುಂದೆ ನಿಲ್ಲುತ್ತಾಳೆ. ಅಜ್ಞಾನದ ಕತ್ತಲು ಹರಿಯುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಇಷ್ಟು ಬರೆದು ಚಹಾ ಕುಡಿಯಲು ಎದ್ದಿದ್ದೆ. ತಿರುಗಿ ಬಂದರೆ ಸಾಬವ್ವ ಹಾಳೆಯ ಅಂಚಿನ ಮೇಲೆ ಕೂತಿದ್ದಳು.

“ಬರಿಯಾಂವ, ಇದು ಯಾರ ಕಥಿ?”

“ನಿಂದೇ ಯವ್ವಾ.”

“ಮತ್ತ ನನ್ನ ಕಥ್ಯಾಗ ನಾ ಬಾಯಿ ತಕ್ಕೊಂಡು ಮಗಳ ಮಾರಿ ನೋಡ್ಕೋತ ಕುಂತೀನಲ್ಲ?”

“ಆಕಿ ಓದಿದಾಕಿ ಅಂತ...”

“ಓದಿಸಿದಾಕಿ ಯಾರು?”

ಕನ್ನಡಕ, ಬಸ್ಸು, ಚಪ್ಪಾಳೆ ಎಲ್ಲವನ್ನೂ ಹೊಡೆದೆ. (ಕತ್ತಲನ್ನೂ. ಇದು ಬೆಳಗಿನ ಹೊತ್ತು ನಡೆದ ಕಥೆ.)

೪

ಹಾಗಾದರೆ ನಡೆದದ್ದು ಹೀಗೆ. ಕಟ್ಟೆಯಿಂದ ಸಾಬವ್ವ ಮನೆಗೆ ಹೋಗಲಿಲ್ಲ. ನೆಟ್ಟಗೆ ಗಾಯರಾಣಕ್ಕೆ ನಡೆದಳು. ಕರಿ ಮಣ್ಣು ಹಸಿಯಾಗಿ, ನುಣ್ಣಗೆ, ಬರಿದಾಗಿ ಬಿದ್ದಿತ್ತು. ಅವಳು ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ಮಳೆ ಬಿದ್ದ ನೆಲ ಸುಮ್ಮನಿರುವುದಿಲ್ಲ. ಬಿತ್ತಿದ್ದನ್ನು ಹಡೆಯದಿದ್ದರೆ ಬಿತ್ತದ ಕಸವನ್ನಾದರೂ ಹಡೆಯುತ್ತದೆ. ಇಲ್ಲಿ ಕಸವೂ ಇರಲಿಲ್ಲ. ತನ್ನ ಬೀಜ ಸತ್ತಿತ್ತೆಂದೇ ಇಟ್ಟುಕೊಂಡರೂ, ಕಸದ ಬೀಜವನ್ನು ಕೊಂದವರು ಯಾರು?

ಎದ್ದು ಸುತ್ತು ಹಾಕಿದಳು. ಮೂಡಣ ಮೂಲೆಯ ಗಡಿಕಲ್ಲಿನ ಹತ್ತಿರ, ಎರಡು ಹೊರಸು ಹಾಸುವಷ್ಟು ಜಾಗದಲ್ಲಿ, ಕರಡ ಬೆರಳುದ್ದ ಎದ್ದು ಗಾಳಿಗೆ ತೂಗುತ್ತಿತ್ತು. ಅದೇ ಬೀಜ, ಅದೇ ಮಳೆ. ಸಾಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಆ ಮೂಲೆ ಯಾರ ಪಾಲಿಗೆ ಬಂದಿತ್ತೆಂದು ನೆನಪಿಗೆ ಬಂದು ನಗುವೂ ಬಂತು.

ಅದು ಅವಳ ಮೈದುನ ದಶರಥನ ಪಾಲು. ಕೆಲಸ ಎದುರಿಗೆ ಬಂದರೆ ಹಾದಿ ಬಿಟ್ಟು ನಿಲ್ಲುವ ಸಂಭಾವಿತ. ಬೇವಿನ ಬುಡದಲ್ಲಿ ಒರಗಿದ್ದ ಅವನನ್ನು ಎಬ್ಬಿಸಿದಳು.

“ದಶ್ಯಾ, ಮೂಲ್ಯಾಗ ಕರಿ ಮಣ್ಣು ಚೆಲ್ಲಿದ್ಯೋ ಇಲ್ಲೋ?”

“ಚೆಲ್ಲೀನ್ರಿ ವೈನಿ.”

“ಬುದ್ಧನ ಫೋಟೋ ಮುಂದ ನಿಂತು ಹೇಳ್ತಿ?”

ದಶರಥ ತಲೆ ತುರಿಸಿಕೊಂಡ. “ಟೊಂಕಾ ಹಿಡದಿತ್ರಿ. ಹಾದಿಗಿ ಕಾಣುವಷ್ಟು ಚೆಲ್ಲಿ ಬಂದೆ.”

“ನಿನ್ನ ಮೈಗಳ್ಳತನಕ್ಕ ಹೂವ ಏರಸಬೇಕಲೇ.”

(ನೀತಿಕಥೆ ಬರೆಯುವವರು ದಯವಿಟ್ಟು ಮನ್ನಿಸಬೇಕು. ದುಡಿದವರ ಪಾಲು ಬೋಳು, ಮಲಗಿದವನ ಪಾಲು ಹಸಿರು. ನಾನು ಕಟ್ಟಿದ್ದಲ್ಲ, ಹುಲ್ಲು ಮಾಡಿದ್ದು.)

೫

ಬೀಜ ಕೊಡುವ ಮೊದಲು ಹಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುವುದು ಸಾಬವ್ವನ ಪದ್ಧತಿ. ಈ ವರ್ಷವೂ ನೋಡಿದ್ದಳು. ಆದರೆ ಮನೆಯೊಳಗೆ ನೋಡಿದ್ದನ್ನು ಯಾರು ನಂಬುತ್ತಾರೆ? ಈ ಸಲ ಊರ ಕಣ್ಣ ಮುಂದೆಯೇ ಕಟ್ಟುವುದೆಂದು ನಿಶ್ಚಯಿಸಿದಳು.

ಹಳೆ ಸೀರೆ ಹರಿದು ಮೂರು ಗಂಟು ಮಾಡಿದಳು. ಒಂದರಲ್ಲಿ ತನ್ನ ಬೀಜ, ಬಾವಿಯ ನೀರು. ಎರಡನೆಯದರಲ್ಲೂ ತನ್ನದೇ ಬೀಜ, ಆದರೆ ಜಾಲಿಯ ಕರಿ ಮಣ್ಣನ್ನು ನೆನೆಸಿ ಸೋಸಿದ ನೀರು. ಮೂರನೆಯದಕ್ಕೆ ಜಗದೇವಪ್ಪನ ಮನೆ ಬಾಗಿಲಿಗೆ ಹೋಗಿ ಪ್ಯಾಟೆಯ ಬೀಜ ಒಂದು ಹಿಡಿ ಬೇಡಿದಳು. ಅವನು ನಗುತ್ತಲೇ ಕೊಟ್ಟ. ಅದಕ್ಕೂ ಜಾಲಿಯ ನೀರು. ಮೂರನ್ನೂ ಮೂರು ಬಟ್ಟಲಿನಲ್ಲಿಟ್ಟು ಕಟ್ಟೆಯ ಮೇಲಿಟ್ಟಳು. ದಿನಾ ಬೆಳಿಗ್ಗೆ ಬಂದು, ಇದ್ದವರೆಲ್ಲ ನೋಡುತ್ತಿರುವಾಗ, ಆಯಾ ಗಂಟಿಗೆ ಅದದೇ ನೀರು ಚಿಮುಕಿಸಿ ಹೋಗುತ್ತಿದ್ದಳು. ಕೆಲವರು ಜಾಲಿಯ ಜಾತ್ರೆ ಯಾವಾಗ ಎಂದು ಕುಚೋದ್ಯ ಮಾಡಿದರು.

ಸಂಘಮಿತ್ರಾಗೆ ಇಲ್ಲಿ ಒಂದು ಫೋನ್ ಕಾಲಿನ ಜಾಗ ಕೊಟ್ಟಿದ್ದೇನೆ, ತಾಯಿಯ ಅಪ್ಪಣೆ ಪಡೆದೇ. ಜಾಲಿಯ ಎಲೆಯಲ್ಲಿ ಕೆಲವು ರಸಾಯನಗಳಿರುತ್ತವೆ, ಎಲೆ ಉದುರಿ ಮಳೆಗೆ ನೆನೆದಾಗ ಅವು ಮಣ್ಣಿಗಿಳಿಯುತ್ತವೆ, ಬೇರೆ ಬೀಜದ ಎಳೆ ಬೇರನ್ನು ಬೆಳೆಯಗೊಡುವುದಿಲ್ಲ ಎಂದು ಅವಳು ಹೇಳಿದಳು. ಮಣ್ಣಿಗೆ ಸತ್ವ ಇದ್ದರೂ ಇದ್ದೀತು, ಆದರೆ ಅದನ್ನು ಉಣ್ಣಲು ಇನ್ನೊಬ್ಬರನ್ನು ಅದು ಪಂಕ್ತಿಗೆ ಕೂರಿಸುವುದಿಲ್ಲ. ಕೊನೆಗೆ, ಮೂರು ಗಂಟು ಕಟ್ಟುವುದನ್ನು ಯಾರು ಹೇಳಿಕೊಟ್ಟರೆಂದು ಕೇಳಿದಳು. ಯಾರೂ ಇಲ್ಲ ಎಂದಳು ತಾಯಿ.

“ಯವ್ವಾ,” ಎಂದಳು ಮಗಳು, “ನಾಳಿಂದ ನನ್ನ ಹುಡುಗರಿಗಿ ಇದನ್ನ ಕಲಸ್ತೇನಿ. ನಿನ್ನ ಹೆಸರು ಹೇಳಿ ಕಲಸ್ತೇನಿ.”

ಆರನೆಯ ಬೆಳಿಗ್ಗೆ ಗಂಟು ಬಿಚ್ಚಿದಳು. ಬಾವಿಯ ನೀರಿನ ಗಂಟಿನಲ್ಲಿ ಬಿಳಿ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಯನ್ನೇ ಹಿಡಿದಿದ್ದವು. ಎರಡನೆಯದರಲ್ಲಿ ಕಾಳು ಉಬ್ಬಿ ಸುಮ್ಮನಿದ್ದವು. ಮೂರನೆಯದರಲ್ಲಿ, ಪ್ಯಾಟೆಯ ಬೀಜವೂ ಹಾಗೆಯೇ. ಬಾಯಿಬಿಟ್ಟಿದ್ದ ಒಂದೆರಡರ ತುದಿ ಸುಟ್ಟಂತೆ ಕಂದಿತ್ತು.

“ಬೀಜ ಸತ್ತಿಲ್ರಿ,” ಎಂದಳು ಸಾಬವ್ವ. “ಅದರ ಬಾಯಿಗಿ ಕೈ ಅಡ್ಡ ಇಟ್ಟವರು ನಾವು. ನಾನೂ ಬುಟ್ಟಿ ಹೊತ್ತೀನಿ.”

ಜಗದೇವಪ್ಪ ಮೂರನೆಯ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಕೆಳಗಿಟ್ಟು ಮನೆಗೆ ಹೋದ. ಅದೇ ವಾರ ಊರು ಆ ಕರಿ ಮಣ್ಣನ್ನು ಕೆರೆದು ಗಾಯರಾಣದಿಂದ ಹೊರಗೆ ಹಾಕಿತು. ದಶರಥನೂ ಕೆರೆದ, ಎರಡು ಬುಟ್ಟಿ.

೬

ಇನ್ನು ಮುಗಿಸಬೇಕು. ನನ್ನ ಬಳಿ ಎರಡು ಮುಕ್ತಾಯಗಳಿವೆ.

ಅ) ಜಗದೇವಪ್ಪ ಕಟ್ಟೆಯ ಮೇಲೆ ನಿಂತು, ಊರೆಲ್ಲ ಕೇಳುವಂತೆ, ತಪ್ಪಾಯಿತು ಎಂದು ಕೈಮುಗಿಯುತ್ತಾನೆ.

“ಹರಿ ಅದನ್ನ,” ಎಂದಳು ಸಾಬವ್ವ. “ಆ ಮನಷ್ಯಾ ಹಂಗ ಮಾಡಾಂವ ಅಲ್ಲ. ನನಗ ಮುಗಿದ ಕೈ ತಗೊಂಡು ಏನ್ ಮಾಡ್ಲಿ? ನಮ್ಮಲ್ಲಿ ಒಂದು ರೀತಿ ಅದ. ಬೀಜ ಒಯ್ದವರು ಸವಾಯಿ ಕೂಡಿಸಿ ಕೊಡಬೇಕು, ನಾಕು ಬುಟ್ಟಿಗಿ ಐದು. ಸತ್ತ ಬೀಜಕ್ಕ ಮಾತ್ರ ಏನೂ ಕೊಡೂದಿಲ್ಲ.”

ಆ) ಮುಂದಿನ ವರ್ಷ ಗಾಯರಾಣದ ತುಂಬ ಮೊಣಕಾಲುದ್ದ ಕರಡ, ದನಗಳ ಕೊರಳ ಗಂಟೆ, ಇತ್ಯಾದಿ.

ಇದನ್ನು ನಾನೇ ಹರಿದೆ. ಉಳಿದ ಬೇರಿನಿಂದ ಜಾಲಿ ಆಗಲೇ ನಾಲ್ಕು ಕಡೆ ಚಿಗುರಿದೆ. ಅದೂ ಒಂದು ಜೀವ, ತನಗೆ ತಿಳಿದಂತೆ ಬದುಕುತ್ತಿದೆ. ಆ ವರ್ಷದ ಮಳೆಯಾದರೋ ಇನ್ನೂ ಮೋಡವಾಗಿಲ್ಲ. ಬಿತ್ತುವವರೆಗೆ ಮನುಷ್ಯರ ಕಥೆ, ಮೊಳೆಯುವುದು ಮೇಲಿನವನ ಕಥೆ. ಆ ಕಥೆಗೆ ಕೈ ಹಾಕುವಷ್ಟು ದೊಡ್ಡ ಬರಹಗಾರ ನಾನಲ್ಲ. ಹುಲ್ಲು ಬಂತೇ ಎಂದು ದಯವಿಟ್ಟು ಕೇಳಬೇಡಿ.

೭

ದೀಪಾವಳಿ ದಾಟಿ, ಬದುಗಳ ಮೇಲೆ ಕರಡ ಒಣಗಿದ ದಿನಗಳು. ಒಂದು ಮುಂಜಾನೆ ಸಾಬವ್ವ ಅಂಗಳ ಗುಡಿಸುತ್ತಿದ್ದಾಗ ಜಗದೇವಪ್ಪ ಬಂದ. ಜೊತೆಗೆ ಆಳು ಇರಲಿಲ್ಲ. ಚೀಲವನ್ನು ತಾನೇ ಹೊತ್ತಿದ್ದ. ಕೈಬೆರಳ ತುಂಬ ಗೀರು. ಬಿಳಿ ಧೋತರಕ್ಕೆ ಮೊಣಕಾಲಿನವರೆಗೂ ಕರಡದ ಬಾಲದ ಕಾಳುಗಳು ಚುಚ್ಚಿಕೊಂಡಿದ್ದವು. ಕಾಳನ್ನು ಯಾರು ಆಯ್ದರೆಂದು ಸಾಬವ್ವ ಕೇಳಬೇಕಾಗಿರಲಿಲ್ಲ.

ಅವಳು ಒಳಗಿನಿಂದ ತನ್ನ ಬುಟ್ಟಿ ತಂದಿಟ್ಟಳು. ಅವನು ತುಂಬಿದ, ಅವಳು ಒಳಗೆ ಸುರಿದು ಬಂದಳು. ಹಾಗೆ ನಾಲ್ಕು ಸಲ. ಅವನು ನಿಲ್ಲಲಿಲ್ಲ. ಐದನೆಯದನ್ನೂ ತುಂಬಿ, ಚೀಲವನ್ನು ಮಗುಚಿ ಝಾಡಿಸಿದ. ಆಮೇಲೆ ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಧೋತರಕ್ಕೆ ಚುಚ್ಚಿಕೊಂಡಿದ್ದ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕತೊಡಗಿದ.