ರೊಪ್ಪದ ತುಂಬ ಆಲಿಕಲ್ಲು

ಆಲಿಕಲ್ಲು ಬಿದ್ದ ಆ ಮಧ್ಯಾಹ್ನ ನಿರ್ಮಲಾ ಮೊದಲು ಮಾಡಿದ ಕೆಲಸವೆಂದರೆ ಒಂದು ಕಲ್ಲನ್ನು ಆಯ್ದು ಬಾಯಿಗೆ ಹಾಕಿಕೊಂಡದ್ದು. ಆಮೇಲೆ ಎಷ್ಟೋ ದಿನ ಅದು ನೆನಪಾದಾಗೆಲ್ಲ ಆಕೆಗೆ ನಾಚಿಕೆಯಾಗುತ್ತಿತ್ತು. ಆದರೆ ದೇವಸಮುದ್ರದ ಕಡೆಯ ಜನಕ್ಕೆ ಮೇ ತಿಂಗಳಲ್ಲಿ ಮೇಲಿಂದ ಏನು ಬಿದ್ದರೂ ಮೊದಲು ಸಂತೋಷವೇ ಆಗುತ್ತದೆ. ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತಲು ನಿಂತಿದ್ದ ಸಾಲು ಚದುರಿ, ಎಲ್ಲರೂ ತಗಡಿನ ಸೂರಿನ ಕೆಳಗೆ ಒತ್ತಿಕೊಂಡಿದ್ದರು. ಗೋಲಿಯಷ್ಟಿದ್ದ ಕಲ್ಲು ನಿಂಬೆಕಾಯಿಯಷ್ಟಾಯಿತು. ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮುದುಕಿಯರೂ ಸೆರಗು ಚಾಚಿ ಕಲ್ಲು ಹಿಡಿದರು. ನಿರ್ಮಲಾ ಅತ್ತೆ ಯರ್ರಮ್ಮನಿಗೆಂದು ಒಂದು ಹಿಡಿ ಚೀಲಕ್ಕೂ ಹಾಕಿಕೊಂಡಳು.

ಅರ್ಧ ಗಂಟೆ ಸುರಿದು ನಿಂತಿತು. ಮೋಡದ ಸಂದಿನಿಂದ ಬಿಸಿಲು ಬಿದ್ದಾಗಲೇ ಆಕೆಯ ಕಣ್ಣು ಊರಾಚೆಯ ಗುಡ್ಡದ ಕಡೆ ಹೋದದ್ದು. ಗುಡ್ಡ ಬೆಳ್ಳಗಿತ್ತು. ಅದರ ಬುಡದಲ್ಲಿ ಅವರ ಕುರಿ ರೊಪ್ಪ, ರೊಪ್ಪದೊಳಗೆ ಇಪ್ಪತ್ತೆಂಟು ಮರಿಗಳು. ಚೀಲ ಅಲ್ಲೇ ಬಿಟ್ಟು ಓಡಿದಳು.

ಗಂಡ ಮಾರುತೇಶ ಬೆಳಿಗ್ಗೆಯೇ ದೊಡ್ಡ ಕುರಿಗಳನ್ನು ಹೊಡೆದುಕೊಂಡು ದೂರದ ಬಯಲಿಗೆ ಹೋಗಿದ್ದ. ತಿಂಗಳು ತುಂಬದ ಮರಿಗಳು ಅಷ್ಟು ದೂರ ನಡೆಯಲಾರವು. ತಾಯಂದಿರು ಸಂಜೆ ಬಂದು ಹಾಲು ಕೊಡುವ ತನಕ ಅವು ರೊಪ್ಪದಲ್ಲೇ ಇರಬೇಕು. ಇಷ್ಟು ವರ್ಷ ಮರಿ ಕಾಯುವ ಕೆಲಸ ಯರ್ರಮ್ಮನದಾಗಿತ್ತು. ಈ ಸಲ ಮಂಡಿನೋವು ಹೆಚ್ಚಾಗಿ, ಯುಗಾದಿ ಕಳೆದ ತಿಂಗಳಿಗೆ ಆಕೆ ಮರಿ ಎಣಿಸುವ ದಾರವನ್ನು ಸೊಸೆಯ ಕೈಗೆ ಕೊಟ್ಟಿದ್ದಳು. ಒಂದು ಮರಿಗೆ ಒಂದು ಗಂಟು. ಕೊಡುವಾಗ ಇನ್ನು ಮೇಲೆ ಇವು ನಿನ್ನ ಮಕ್ಕಳು ಎಂದಿದ್ದಳು, ಅಷ್ಟೇ.

ರೊಪ್ಪ ಕಾಣುವ ಜಾಗಕ್ಕೆ ಬಂದು ನಿರ್ಮಲಾ ನಿಂತುಬಿಟ್ಟಳು. ಎದೆಮಟ್ಟದ ಕಲ್ಲುಗೋಡೆ ಕಾಣುತ್ತಿರಲಿಲ್ಲ. ಹಿಂದಿನ ನುಣುಪು ಬಂಡೆಯ ಮೇಲೆ ಬಿದ್ದ ಕಲ್ಲೆಲ್ಲ ಮಳೆನೀರಿನ ಜೊತೆ ಜಾರಿಬಂದು, ತಗ್ಗಿನಲ್ಲಿದ್ದ ರೊಪ್ಪಕ್ಕೂ ಅದರ ಮುಂದಿನ ಓಣಿಗೂ ತುಂಬಿಕೊಂಡಿತ್ತು. ಓಣಿಯಲ್ಲಿ ಸೊಂಟದ ತನಕ, ಬಾಗಿಲ ಹತ್ತಿರ ಆಳೆತ್ತರ. ಕೈ ಹಾಕಿದರೆ ಬಿಡಿ ಬಿಡಿ ಕಲ್ಲಲ್ಲ, ಒಂದಕ್ಕೊಂದು ಅಂಟಿ ಗಟ್ಟಿಯಾಗಿತ್ತು. ಮರಿಗಳಿಗೆಂದು ಮೂಲೆಯಲ್ಲಿ ಹಾಕಿದ್ದ ತಗಡು ಎಲ್ಲಿದೆಯೆಂದೇ ತಿಳಿಯಲಿಲ್ಲ.

ಊರವರು ಸಲಿಕೆ, ಮಂಕರಿ ಹಿಡಿದು ಬಂದರು. ಹತ್ತು ಜನ ಅರ್ಧ ಗಂಟೆ ತೋಡಿದರೂ ನಾಲ್ಕು ಹೆಜ್ಜೆ ಮುಂದೆ ಹೋಗಲಿಲ್ಲ. ಬಂಡೆಯಿಂದ ನೀರು ಇನ್ನೂ ಇಳಿಯುತ್ತಲೇ ಇತ್ತು. ಆ ನೀರಲ್ಲಿ ಕಾಲಿಟ್ಟ ಗಂಡಸರೇ ಎರಡು ನಿಮಿಷಕ್ಕೊಮ್ಮೆ ಮೇಲೆ ಬಂದು ಕಾಲು ತಿಕ್ಕಿಕೊಳ್ಳುತ್ತಿದ್ದರು. ಉಣ್ಣೆ ಇನ್ನೂ ಬಲಿಯದ ಮರಿಗಳು ಎಷ್ಟು ಹೊತ್ತು ತಡೆದಾವು?

ಅಷ್ಟರಲ್ಲಿ ವಿಶ್ವನಾಥ್ ತನ್ನ ಹೊಸ ಟ್ರ್ಯಾಕ್ಟರ್ ತಂದ. ಒಳ್ಳೆಯ ಹುಡುಗ, ಕರೆಯದೆಯೇ ಬಂದವನು, ಆದರೆ ಅವಸರದವನು. ಎಲ್ಲರೂ ಸರಿಯಿರಿ ಎಂದು ಕೂಗಿ ಗಾಡಿಯ ಮೂತಿಯನ್ನು ನೇರ ಓಣಿಗೆ ನುಗ್ಗಿಸಿದ. ಓಣಿಯ ಎರಡೂ ಕಡೆ ನಿರ್ಮಲಾಳೇ ಹೋದ ವಾರ ತೋಳಕ್ಕೆ ಅಡ್ಡವಾಗಿ ಜಾಲಿಮುಳ್ಳಿನ ಬೇಲಿ ಒಟ್ಟಿದ್ದಳು. ಅದೆಲ್ಲ ಕೊಚ್ಚಿಹೋಗಿ ಆಲಿಕಲ್ಲಿನೊಳಗೆ ಹೂತುಕೊಂಡಿತ್ತು. ಎರಡು ಮಾರು ಹೋಗುವಷ್ಟರಲ್ಲಿ ಮುಂದಿನ ಎರಡೂ ಗಾಲಿ ಉಸ್ಸೆಂದು ಕೂತವು. ಹಾಗೂ ಹೀಗೂ ಗಾಡಿಯನ್ನು ಹಿಂದೆ ಎಳೆದು ಬದಿಗೆ ನಿಲ್ಲಿಸಿ, ವಿಶ್ವನಾಥ್ ಟಯರಿನಲ್ಲಿ ಮುರಿದುಕೊಂಡಿದ್ದ ಮುಳ್ಳುಗಳನ್ನು ನೋಡುತ್ತ ನಿಂತ.

ಆಗ ಕೇಳಿಸಿದ್ದು ಚಿಕ್ಕಬಸಪ್ಪನ ಟ್ರ್ಯಾಕ್ಟರಿನ ಸದ್ದು. ಆ ಸದ್ದು ಸುತ್ತಿನ ನಾಲ್ಕೂರಿಗೆ ಗುರುತು. ಬಣ್ಣವೆಲ್ಲ ಹೋಗಿ ತುಕ್ಕು ಯಾವುದು, ಕಬ್ಬಿಣ ಯಾವುದು ಎಂದು ತಿಳಿಯದ ಗಾಡಿ. ಬ್ಯಾಟರಿ ಸತ್ತು ಎರಡು ವರ್ಷ. ದಿನಾ ಸಂಜೆ ಏರಿನ ಮೇಲೆ ನಿಲ್ಲಿಸಿ, ಬೆಳಿಗ್ಗೆ ಇಳಿಜಾರಿಗೆ ಬಿಟ್ಟು ಹಚ್ಚಬೇಕು. ನಿಮ್ಮ ಗಾಡಿಗೆ ಮಲಗೋಕೂ ದಿಬ್ಬ ಬೇಕಲ್ಲ ದೊಡ್ಡಪ್ಪ ಎಂದು ಇದೇ ವಿಶ್ವನಾಥ್ ನಾಲ್ಕು ಜನರ ಮುಂದೆ ನಗುತ್ತಿದ್ದ. ಚಿಕ್ಕಬಸಪ್ಪನೂ ನಗುತ್ತಿದ್ದ. ಎಪ್ಪತ್ತೆರಡಾದ ಆತನಿಗೆ ಇದಕ್ಕೆಲ್ಲ ಉತ್ತರ ಕೊಡುವಷ್ಟು ಪುರುಸೊತ್ತಿರಲಿಲ್ಲ.

ಇಳಿದು ಬಂದವನು ರೊಪ್ಪ ನೋಡಲಿಲ್ಲ, ಮೊದಲು ವಿಶ್ವನಾಥನ ಟಯರು ನೋಡಿದ. ಆಮೇಲೆ ನಿರ್ಮಲಾಳ ಕಡೆ ತಿರುಗಿದ.

"ಮುಳ್ಳು ಎಲ್ಲಿಂದ ಎಲ್ಲೀ ತನಕ ಹಾಕಿದ್ದಿ ತಾಯಿ?"

"ಆ ಬೇವಿನ ಗಿಡದಿಂದ ಬಾಗಿಲ ತನಕ, ಎರಡೂ ಕಡೆ ಗೌಡ್ರೇ."

ಆತ ತಲೆಯಾಡಿಸಿ ಗಾಡಿಯ ಹಿಂದಕ್ಕೆ ಹೋದ. ಹೊಲ ಮಟ್ಟ ಮಾಡುವ ಹಲಗೆಯನ್ನು ಹಿಂದೆಯೇ ಸಿಕ್ಕಿಸಿಕೊಂಡು ಬಂದಿದ್ದ. ಚಳ್ಳಕೆರೆಯಲ್ಲಿ ಯಾವುದೋ ಎಣ್ಣೆ ಮಿಲ್ಲು ಮುಚ್ಚಿದಾಗ ಗುಜರಿಯಲ್ಲಿ ಹುಡುಕಿ ತಂದ ದಪ್ಪ ತಗಡಿನಿಂದ ತಾನೇ ಮಾಡಿಸಿದ್ದ ಹಲಗೆ ಅದು. ನಾಲ್ಕು ಜನರನ್ನು ಕರೆದು, ಪಿನ್ನು ತೆಗೆದು, ಹಲಗೆಯ ಒಳಬಾಗಿದ ಹೊಟ್ಟೆ ಹಿಂದಕ್ಕೆ ಬರುವಂತೆ ತಿರುಗಿಸಿ ಮತ್ತೆ ಪಿನ್ನು ಬಡಿದ. ಆಮೇಲೆ ಗಾಡಿಗೆ ಬೆನ್ನು ತಿರುವಿಸಿ, ರಿವರ್ಸಿನಲ್ಲೇ ಓಣಿಗೆ ಇಳಿದ.

ನೋಡುತ್ತಿದ್ದವರಿಗೆ ಆಗ ಅರ್ಥವಾಯಿತು. ಹಲಗೆ ಮುಂದೆ, ಗಾಲಿ ಹಿಂದೆ. ಕಲ್ಲೂ ಮುಳ್ಳೂ ಒಟ್ಟಿಗೆ ಸರಿದು ಬದಿಗೆ ಬೀಳುತ್ತಿದ್ದವು, ಟಯರು ನಡೆಯುವುದು ಬಳಿದ ನೆಲದ ಮೇಲೆ ಮಾತ್ರ. ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈ ಹಲಗೆ ಎತ್ತಿ ಇಳಿಸುವ ಹಿಡಿಯ ಮೇಲೆ; ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿತ್ತು. ನಲವತ್ತು ವರ್ಷ ಶೇಂಗಾ ಕಾಲದಲ್ಲಿ ಚಳ್ಳಕೆರೆ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ತುಂಬಿದ ಟ್ರೇಲರನ್ನು ಹಿಂದಕ್ಕೆ ಬಿಟ್ಟು ಬಿಟ್ಟು ಪಳಗಿದ ಕುತ್ತಿಗೆ ಅದು. ಹಲಗೆಗೆ ಭಾರವಾದಾಗ ಗಾಡಿಯನ್ನು ಒದರಿಸುತ್ತಿರಲಿಲ್ಲ. ಗೇಣುದ್ದ ಮುಂದೆ ಬಂದು, ಹಲಗೆ ಸ್ವಲ್ಪ ಎತ್ತಿ, ಮೇಲಿನ ಪದರ ಕೆರೆದು, ಆಮೇಲೆ ಕೆಳಗಿನದು. ನಿರ್ಮಲಾಳಿಗೆ ಮೊದಲು ಆತನ ನಿಧಾನ ಸಹಿಸಲಾಗುತ್ತಿರಲಿಲ್ಲ. ಓಣಿ ಅರ್ಧ ತೆರೆದ ಮೇಲೆ, ಈ ಮನುಷ್ಯ ಒಂದು ಸಲ ಮಾಡಿದ ಕೆಲಸವನ್ನು ಎರಡನೆಯ ಸಲ ಮಾಡುವುದಿಲ್ಲ ಎಂಬುದು ಕಣ್ಣಿಗೆ ಬಿತ್ತು.

ಬಾಗಿಲಿಗೆ ಇನ್ನು ಎರಡು ಮಾರು ಇತ್ತು. ಹೊಡೀರಿ, ಇನ್ನೊಂದು ನೂಕಿಗೆ ಬಾಗಿಲು ಸಿಗತೈತೆ ಎಂದು ಜನ ಹುರಿದುಂಬಿಸುತ್ತಿದ್ದರು. ನಿರ್ಮಲಾ ಓಡಿ ಹೋಗಿ ಹಲಗೆಗೆ ಅಡ್ಡ ನಿಂತು ಎರಡೂ ಕೈ ಎತ್ತಿದಳು. ಮರಿಗಳು ಹೆದರಿದರೆ ತಾಯಿ ಹೋದ ದಿಕ್ಕಿಗೆ ಓಡುತ್ತವೆ. ತಾಯಂದಿರು ಹೋದದ್ದು ಈ ಬಾಗಿಲಿನಿಂದ. ಅವು ತಗಡಿನ ಕೆಳಗಿರದೆ ಬಾಗಿಲ ಹಿಂದೆಯೇ ಇದ್ದರೆ, ಈ ನೂಕು ಅವುಗಳ ಮೇಲೆಯೇ.

"ಗಾಡಿ ಆಫ್ ಮಾಡ್ರಿ ಗೌಡ್ರೇ. ಎಲ್ಲಿದಾವೆ ಅಂತ ಕೇಳ್ಬೇಕು."

ಚಿಕ್ಕಬಸಪ್ಪ ಸುತ್ತ ನೋಡಿದ. ಓಣಿ ತಗ್ಗಿನಲ್ಲಿತ್ತು, ಇಳಿಜಾರೆಂಬುದು ಎಲ್ಲೂ ಇರಲಿಲ್ಲ.

"ಆಫ್ ಮಾಡಿದ್ರೆ ಮತ್ತೆ ಹತ್ತೋದು ನನ್ ಕೈಯಾಗಿಲ್ಲ, ತಾಯಿ."

"ಗೊತ್ತೈತೆ. ಆದ್ರೂ ಮಾಡ್ರಿ."

ಹಿಂದಿನಿಂದ ಯಾರೋ ಬೇಡ ಬೇಡ ಎಂದರು. ಬೊಮ್ಮಲಿಂಗಪ್ಪನೆಂಬ ಹಿರಿಯ, ಹೆಂಗಸಿನ ಮಾತು ಕೇಳಿ ಗಾಡಿ ನಿಲ್ಲಿಸಿದರೆ ಎಲ್ಲರೂ ಕೈ ಕಟ್ಟಿ ನಿಲ್ಲಬೇಕಾಗುತ್ತದೆ ಎಂದು ಗೊಣಗಿದ. ಚಿಕ್ಕಬಸಪ್ಪ ಆ ಕಡೆ ನೋಡಲಿಲ್ಲ. ಮರಿ ಕಾಯುವವಳು ಅವಳು, ನಾನಲ್ಲ ಎಂದಷ್ಟೇ ಹೇಳಿ ಕೈಚಾಚಿ ಸರಳು ಎಳೆದ. ಎಂಜಿನ್ ಎರಡು ಸಲ ಒದರಿ ಸುಮ್ಮನಾಯಿತು.

ನೀರು ಜಿನುಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಿರ್ಮಲಾ ಗುಡ್ಡೆಯ ಮೇಲೆ ಅಂಗೈಯೂರಿ ಬಗ್ಗಿ, ಸಂಜೆ ತಾಯಂದಿರ ಹತ್ತಿರ ಮರಿ ಬಿಡುವಾಗ ಕರೆಯುವಂತೆ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಕರೆದಳು. ಕಾದಳು. ಮತ್ತೆ ಕರೆದಳು. ಮೂರನೆಯ ಸಲಕ್ಕೆ ಒಂದು ಎಳೆ ದನಿ ಬಂತು, ಅದರ ಹಿಂದೆ ಇನ್ನೊಂದು. ಬಂದದ್ದು ಬಾಗಿಲ ಎಡಗಡೆ ಗೋಡೆಯ ಬುಡದಿಂದ, ಹಲಗೆ ನಿಂತಿದ್ದ ಜಾಗದ ನೇರಕ್ಕೆ. ಬೊಮ್ಮಲಿಂಗಪ್ಪ ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡ.

ಇನ್ನು ಬಾಗಿಲಿಂದ ಹೋಗುವಂತಿರಲಿಲ್ಲ. ರೊಪ್ಪದ್ದು ಮಣ್ಣಿಲ್ಲದೆ ಒಟ್ಟಿದ ಗೋಡೆ; ಬಾಗಿಲ ಬಲಗಡೆ ಅದರ ಕಲ್ಲು ಬಿಚ್ಚಿ ಅಲ್ಲಿಂದ ಒಳಗಿನದನ್ನು ಹೊರಕ್ಕೆ ಎಳೆದರೆ ಭಾರ ಮರಿಗಳ ಕಡೆಗೆ ಸರಿಯುವುದಿಲ್ಲ ಎಂದು ಚಿಕ್ಕಬಸಪ್ಪ ಲೆಕ್ಕ ಹಾಕಿದ. ಗಂಡಸರು ಅಲ್ಲಿನ ಆಲಿಕಲ್ಲು ಸರಿಸಿ ಗೋಡೆಯ ಕಲ್ಲು ಬಿಚ್ಚತೊಡಗಿದರು. ಉಳಿದವರು ಗಾಡಿ ನೂಕಿದರು. ಕಾಲಡಿಯ ಮಂಜುಗಡ್ಡೆಯ ಮೇಲೆ ಜಾರಿದವರೇ ಹೆಚ್ಚು. ಮೂರು ಸಲ ನೂಕಿದರೂ ಗಾಡಿ ಒಂದು ಕೆಮ್ಮೂ ಕೆಮ್ಮಲಿಲ್ಲ. ನಿಲ್ಲಿಸಿ ಎಂದವಳು ತಾನೇ ಎಂದು ನಿರ್ಮಲಾಳೂ ಹೋಗಿ ಗಾಡಿಗೆ ಹೆಗಲು ಕೊಟ್ಟಳು.

ವಿಶ್ವನಾಥ್ ಯಾವಾಗ ಹೋಗಿದ್ದನೋ ಯಾರೂ ನೋಡಿರಲಿಲ್ಲ. ತನ್ನ ಹೊಸ ಗಾಡಿಯ ಬ್ಯಾಟರಿ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಬಂದ.

"ಸೆಲ್ಫ್ ಆದ್ರೂ ಐತಾ ದೊಡ್ಡಪ್ಪ, ಅದನ್ನೂ ಮಾರ್ಕೊಂಡ್ರಾ?"

"ಐತೆ ಕಣ್ಲೇ. ಹೊಟ್ಟೆಗಿಲ್ದೆ ಮಲಗೈತೆ."

ಎರಡು ತಂತಿ ಕಟ್ಟಿ ಚಾವಿ ತಿರುಗಿಸಿದಾಗ ಗಾಡಿ ಒಂದು ಸಲ ನರಳಿ, ಕಪ್ಪು ಹೊಗೆ ಉಗುಳಿ ಹತ್ತಿಕೊಂಡಿತು. ವಿಶ್ವನಾಥ್ ಬ್ಯಾಟರಿ ಅಲುಗದಂತೆ ಎದೆಗವುಚಿಕೊಂಡು ಮಡ್‌ಗಾರ್ಡಿನ ಮೇಲೆ ಕೂತ, ಕೆಲಸ ಮುಗಿಯುವ ತನಕ ಇಳಿಯಲಿಲ್ಲ.

ಹಲಗೆಯನ್ನು ಮತ್ತೆ ಮೊದಲಿನಂತೆ ತಿರುಗಿಸಿ ಸಿಕ್ಕಿಸಿದ್ದಾಯಿತು. ಹಲಗೆ ಎತ್ತಿಕೊಂಡು ಗೋಡೆಯ ಸಂದಿನ ತನಕ ಹಿಂದೆ ಹೋಗುವುದು, ಒಳಗೆ ಚಾಚಿ ಇಳಿಸುವುದು, ಮುಂದಕ್ಕೆ ಎಳೆದು ತರುವುದು. ಒಂದು ಸಲಕ್ಕೆ ಒಂದು ಮೊಳ. ಪ್ರತಿ ಸಲ ಹಲಗೆ ಇಳಿಸುವ ಮುಂಚೆ ಚಿಕ್ಕಬಸಪ್ಪ ನಿರ್ಮಲಾಳ ಕೈ ನೋಡುತ್ತಿದ್ದ. ಆಕೆ ಬೀಸಿದರೆ ಮಾತ್ರ ಇಳಿಸುತ್ತಿದ್ದ. ಇಪ್ಪತ್ತಕ್ಕೂ ಹೆಚ್ಚು ಸಲ ಹೀಗೆ ನಡೆಯಿತು. ಕೊನೆಗೆ ಆಕೆ ಕೈ ಅಡ್ಡ ಹಿಡಿದಾಗ ಹಲಗೆಯ ಅಂಚಿಗೂ ಮರಿಗಳಿಗೂ ನಡುವೆ ಇದ್ದದ್ದು ಒಂದು ಮಾರಿಗಿಂತ ಕಡಿಮೆ. ಉಳಿದದ್ದನ್ನು ಕೈಯಲ್ಲಿ, ಮೊರದಲ್ಲಿ, ಬಟ್ಟಲಲ್ಲಿ ತೆಗೆದರು.

ಮರಿಗಳು ಗೋಡೆಗೆ ಒತ್ತಿಕೊಂಡು ಒಂದರ ಮೇಲೊಂದು ಮುದ್ದೆಯಾಗಿದ್ದವು. ತಗಡು ಹಾರಿಬಂದು ಗೋಡೆಗೆ ಓರೆಯಾಗಿ ಬಿದ್ದು ಮುಚ್ಚಳದಂತಾಗಿತ್ತು. ಯರ್ರಮ್ಮ ಕುಂಟುತ್ತ ಬಂದು ಕೂತು, ಒಂದೊಂದರ ಬಾಯಿಗೆ ಬೆರಳಿಟ್ಟು ನೋಡಿದಳು. ಬಾಯಿ ಬೆಚ್ಚಗಿದ್ದರೆ ಒಂದು ಕಡೆ, ತಣ್ಣಗಿದ್ದರೆ ಇನ್ನೊಂದು ಕಡೆ, ಉಸಿರಿಲ್ಲದ್ದು ಸೆರಗಿನ ಕೆಳಗೆ. ಸೆರಗಿನ ಕೆಳಗೆ ಹೋದದ್ದು ನಾಲ್ಕು. ತಣ್ಣಗಿದ್ದವು ಹನ್ನೊಂದು. ಬೆಂಕಿಗೆ ಒಣಕಟ್ಟಿಗೆ ಎಲ್ಲೂ ಇಲ್ಲವಲ್ಲೇ ಎಂದು ಸೊಸೆಗೆ ಅಂದಳು.

ಚಿಕ್ಕಬಸಪ್ಪ ಸೀಟಿನಿಂದಲೇ ಬಗ್ಗಿ, ತಣ್ಣಗಿದ್ದವನ್ನು ಇಲ್ಲಿ ಕೊಡಿ ಎಂದ. ಎಂಜಿನ್ನಿನ ಬಿಸಿಗಾಳಿ ಫ್ಯಾನಿನಿಂದ ನೇರ ಆತನ ಕಾಲಿಗೆ ಬಡಿಯುತ್ತಿತ್ತು. ಬೇಸಿಗೆಯಲ್ಲಿ ಆ ಗಾಳಿಗೆ ಆತ ಬೈಯದ ದಿನವಿರಲಿಲ್ಲ. ಆರು ಮರಿ ಕಾಲ ಬುಡದಲ್ಲಿ, ಮೂರು ತೊಡೆಯ ಮೇಲೆ, ಎರಡು ಅಂಗಿಯೊಳಗೆ. ಮೇಲೊಂದು ಕಂಬಳಿ ಹೊದಿಸಿದರು. ಗಾಡಿ ಅಲ್ಲಾಡದೆ, ಎಂಜಿನ್ ಓಡುತ್ತಲೇ ನಿಂತಿತು. ವಿಶ್ವನಾಥ್ ತನ್ನ ಗಾಡಿಯ ಡೀಸೆಲನ್ನು ಪೈಪಿನಲ್ಲಿ ಎಳೆದು ತಂದು ಎರಡು ಸಲ ಹಾಕಿದ. ಚಹಾ ತಂದರೂ ಮುದುಕ ಇಳಿಯಲಿಲ್ಲ, ನಿರ್ಮಲಾಳೇ ಲೋಟ ಹಿಡಿದು ಕುಡಿಸಿದಳು. ಆತ ಮರಿಗಳ ಕಡೆಯೇ ನೋಡುತ್ತಿದ್ದ. ಮೊದಲು ಅಂಗಿಯೊಳಗಿನ ಒಂದು ಅಲುಗಿತು. ಆಮೇಲೆ ಕಾಲ ಬುಡದ್ದೊಂದು ಆತನ ಪಂಚೆಯ ಅಂಚು ಚೀಪತೊಡಗಿತು.

ಹೊತ್ತು ಮುಳುಗುವಾಗ ಮಾರುತೇಶ ಹಿಂಡಿನೊಂದಿಗೆ ಬಂದ. ಅವನು ಬಾಯಿ ತೆರೆಯುವ ಮುಂಚೆಯೇ ತಾಯಿಕುರಿಗಳು ಅರಚುತ್ತ ಓಡಿಬಂದು ಗಾಡಿಯ ಸುತ್ತ ಮುತ್ತಿದವು. ಮುಂಗಾಲು ಮೆಟ್ಟಿಲ ಮೇಲಿಟ್ಟು ಮೂಸತೊಡಗಿದವು. ಅವನು ಬಿಚ್ಚಿದ ಗೋಡೆಯನ್ನು, ಕರಗುತ್ತಿದ್ದ ಬಿಳಿಯ ಗುಡ್ಡೆಯನ್ನು, ಅತ್ತ ಅವ್ವನ ಸೆರಗನ್ನು ನೋಡಿದ.

"ಎಷ್ಟು ಹೋದ್ವು?" ಎಂದು ಹೆಂಡತಿಯನ್ನು ಕೇಳಿದ.

ಉತ್ತರ ಬಂದದ್ದು ಸೀಟಿನ ಮೇಲಿನಿಂದ.

"ಇಪ್ಪತ್ನಾಲ್ಕು ಅದಾವೆ. ನಿನ್ ಹೆಂಡ್ತಿ ಕೈ ಅಡ್ಡ ಹಿಡಿದಿದ್ದಕ್ಕೆ ಅದಾವೆ. ಈಗ ಮೇಲಕ್ಕೆ ಬಂದು ಎತ್ಕಳಪ್ಪ, ನನ್ ಕಾಲು ಜೋಮು ಹಿಡಿದೈತೆ."

ಮಾರುತೇಶ ಹತ್ತಿ ಒಂದೊಂದೇ ಮರಿ ಎತ್ತಿ ಕೊಟ್ಟ. ನಿರ್ಮಲಾ ಕೆಳಗೆ ನಿಂತು ಇಸಿದುಕೊಂಡು, ಯಾವುದು ಯಾವ ತಾಯಿಯದೆಂದು ನೋಡಿ ನೋಡಿ ಮೊಲೆಗೆ ಬಿಟ್ಟಳು.